ಅಂಚಿನ ಮೇಲೆ ಹೆಬ್ಬೆರಳು

ಬರ್ಮಿಂಗ್‌ಹ್ಯಾಮ್‌ನ ನ್ಯೂ ಸ್ಟ್ರೀಟ್ ನಿಲ್ದಾಣದಿಂದ ವಾಲ್ಸಾಲ್‌ಗೆ ಹೆಚ್ಚುಕಡಿಮೆ ಅರ್ಧ ತಾಸಿನ ರೈಲು ದಾರಿ. ನಮ್ಮ ಧಾರವಾಡದಿಂದ ಹುಬ್ಬಳ್ಳಿಗೆ ಹೋದಂತೆ. ತಮ್ಮನ ಮನೆಯಲ್ಲಿ ಮೂರು ವಾರ ಇದ್ದೆ. ಲಂಡನ್ ನೋಡಿದೆ, ಥೇಮ್ಸ್ ನದಿಯ ದಂಡೆಯಲ್ಲಿ ಅಡ್ಡಾಡಿದೆ, ಮಕ್ಕಳ ಜೊತೆ ಸಮುದ್ರಕ್ಕೂ ಹೋಗಿ ಬಂದೆ. ಅವೆಲ್ಲ ಈಗ ಫೋನಿನ ಫೋಟೊಗಳಲ್ಲಿವೆ. ಊರಿಗೆ ಬಂದು ಆರು ತಿಂಗಳಾದ ಮೇಲೂ ನನ್ನನ್ನು ಬಿಡದೆ ಕಾಡಿದ್ದು ವಾಲ್ಸಾಲ್‌ನ ಆ ಒಂದು ದಿನ. ಅಲ್ಲಿ ಒಬ್ಬ ಹಿರಿಯರು ಕೇಳಿದ, ನನಗೆ ಆಗ ಉತ್ತರ ಗೊತ್ತಿರದ ಒಂದು ಪ್ರಶ್ನೆ.

ನಾನು ಅಥಣಿಯ ಚಪ್ಪಲಿ ಮಾಡುವವರ ಮನೆಯ ಮಗಳು. ಮುತ್ಯಾ ಕಟ್ಟೆಯ ಮೇಲೆ ಕೂತು ಅಟ್ಟೆ ಕೊಯ್ಯುತ್ತಿದ್ದ. ಆಯಿ ಒಳಗೆ ಕೂತು ತೊಗಲಿನ ಎಳೆಗಳನ್ನು ಜಡೆಯಂತೆ ಹೆಣೆಯುತ್ತಿದ್ದಳು. ಓದಿ ನೌಕರಿ ಹಿಡಿದು ಆ ಮನೆಯಿಂದ ದೂರ ಹೋದೆ. ಹತ್ತು ವರ್ಷದ ಕೆಳಗೆ ನೌಕರಿ ಬಿಟ್ಟು, ಧಾರವಾಡದ ಒಂದು ಕೋಣೆಯಲ್ಲಿ ಬೆಲ್ಟು, ಚೀಲ ಮಾಡತೊಡಗಿದೆ. ಕಸುಬಿಗೆ ತಿರುಗಿ ಬಂದೆನಾದರೂ ಕಲಿತದ್ದು ಪುಸ್ತಕ ನೋಡಿ, ವಿಡಿಯೊ ನೋಡಿ. ಹೊಲಿಗೆ ಬೇಗ ಕೈಗೆ ಬಂತು. ಬಾರದೇ ಉಳಿದದ್ದು ಅಂಚು.

ಕತ್ತರಿಸಿದ ತೊಗಲಿನ ಪಟ್ಟಿಗೆ ಮೇಲೊಂದು, ಕೆಳಗೊಂದು ಏಣು ಇರುತ್ತದೆ. ಕತ್ತಿ ಬಿಟ್ಟುಹೋದ ಚೂಪು ಅದು. ಹಾಗೆಯೇ ಬಿಟ್ಟರೆ ಬಳಸುತ್ತ ಬಳಸುತ್ತ ಏಣು ಅಣಬೆಯಂತೆ ಹೊರಕ್ಕೆ ಅರಳುತ್ತದೆ, ನಾರು ಬಿಚ್ಚಿಕೊಳ್ಳುತ್ತದೆ, ಬೆವರು ನೀರು ಒಳಗಿಳಿಯುತ್ತವೆ. ಆ ಏಣನ್ನು ಸಣ್ಣಗೆ ಕೀಸಿ ತೆಗೆದು, ಅಂಚನ್ನು ಗುಂಡಗೆ ಮಾಡಿ, ಉಜ್ಜಿ ಮೆರುಗು ಕೊಟ್ಟರೆ ಮಾತ್ರ ಬೆಲ್ಟು ಬಾಳುತ್ತದೆ. ಇದಕ್ಕೆಂದೇ ಒಂದು ಸಣ್ಣ ಉಳಿ ಇದೆ. ನಾನು ಅಂಥ ಐದು ಉಳಿಗಳ ಅಗ್ಗದ ಸೆಟ್ಟನ್ನು ತರಿಸಿಕೊಂಡಿದ್ದೆ. ಒಬ್ಬ ಗಿರಾಕಿಯ ಮನೆಯ ಮದುವೆಗೆ ಹನ್ನೆರಡು ಬೆಲ್ಟು ಒಪ್ಪಿಕೊಂಡಾಗ, ದೊಡ್ಡ ಉಳಿ ಹಿಡಿದರೆ ಕೆಲಸ ಬೇಗ ಆದೀತೆಂದು ದೊಡ್ಡದನ್ನೇ ಹಿಡಿದೆ. ಮೊಂಡು ಉಳಿ ತೊಗಲನ್ನು ಕೊಯ್ಯಲಿಲ್ಲ, ಹರಿಯಿತು. ಎಲ್ಲಿ ಕೊಯ್ದಿತೋ ಅಲ್ಲಿ ಅಂಚು ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿ ಸುರುಳಿ ಸುತ್ತಿತು. ಹನ್ನೆರಡರಲ್ಲಿ ಏಳನ್ನು ಎಸೆದೆ. ತಮ್ಮ ಇಂಗ್ಲೆಂಡಿಗೆ ಕರೆದಾಗ, ತೊಗಲಿನ ಕೆಲಸಕ್ಕೆ ಹೆಸರಾದ ವಾಲ್ಸಾಲ್ ಅವನ ಮನೆಯ ಹತ್ತಿರವೇ ಇದೆ ಎಂಬುದೇ ನನ್ನನ್ನು ಎಳೆದದ್ದು.

ಅಕ್ಟೋಬರ್ ತಿಂಗಳು. ಜಿನುಗು ಮಳೆ. ಕೆಂಪು ಇಟ್ಟಿಗೆಯ ಹಳೆಯ ಕಾರ್ಖಾನೆಗಳ ಗೋಡೆಗಳು ತೊಯ್ದು ಕಪ್ಪಾಗಿದ್ದವು. ಊರಿನೊಳಗೇ ಕಾಲುವೆಯೊಂದು ಬಂದು ನಿಂತಿದೆ. ಒಂದು ಕಾಲಕ್ಕೆ ಸರಕು ಸಾಗಿಸಿದ ನೀರಿನ ಮೇಲೆ ಈಗ ಹಳದಿ ಎಲೆಗಳು. ನಡುಪೇಟೆಯಲ್ಲಿ ಸಿಸ್ಟರ್ ಡೋರಾ ಎಂಬ ದಾದಿಯ ಪ್ರತಿಮೆ. ಕಾರ್ಖಾನೆ, ಗಣಿ, ರೈಲಿನ ಕೆಲಸದಲ್ಲಿ ಗಾಯಗೊಂಡವರ ಸೇವೆ ಮಾಡಿದವಳು. 1886ರಲ್ಲಿ ಊರವರು ಅವಳ ಪ್ರತಿಮೆ ನಿಲ್ಲಿಸಿದರು. ದುಡಿಯುವವರ ಊರು ಯಾರನ್ನು ನೆನೆಯುತ್ತದೆ ಎಂಬುದು ಆ ಕಲ್ಲುಪೀಠದ ಮುಂದೆ ನಿಂತರೆ ತಿಳಿಯುತ್ತದೆ.

ಈ ಊರು ಕುದುರೆಯ ತಡಿ, ಲಗಾಮು, ಜೀನುಗಳಿಗೆ ಹೆಸರಾದದ್ದು. ಲಗಾಮಿನ ಕಬ್ಬಿಣದ ಕಡಿವಾಣ, ರಿಕಾಪು ಮಾಡುವ ಕಮ್ಮಾರರು ಇಲ್ಲಿ ಮೊದಲಿಂದಲೂ ಇದ್ದರು. ಕಬ್ಬಿಣದ ಬೆನ್ನು ಹಿಡಿದು ತೊಗಲಿನ ಕೆಲಸ ಬೆಳೆಯಿತು. 1900ರ ಹೊತ್ತಿಗೆ ಹತ್ತು ಸಾವಿರದಷ್ಟು ಜನ ಇಲ್ಲಿ ತೊಗಲಿನ ಕಸುಬಿನಿಂದಲೇ ಉಣ್ಣುತ್ತಿದ್ದರಂತೆ. ಊರಿನ ಫುಟ್‌ಬಾಲ್ ತಂಡದ ಅಡ್ಡಹೆಸರು ಇಂದಿಗೂ ‘ಸ್ಯಾಡ್ಲರ್ಸ್’, ಅಂದರೆ ಜೀನು ಹೊಲಿಯುವವರು.

ಈ ಹೆಸರು ಓದಿದಾಗ ನನಗೆ ಅಥಣಿಯ ಶಾಲೆಯ ದಿನಗಳು ನೆನಪಾದವು. ನಸುಕಿನಲ್ಲಿ ಎದ್ದು ಆಯಿಗೆ ಹೆಣಿಕೆಯಲ್ಲಿ ಕೈಗೂಡಿಸಿ, ಆಮೇಲೆ ಮೊಳಕೈವರೆಗೆ ಸಬಕಾರ ಹಚ್ಚಿ ತೊಳೆದುಕೊಂಡು ಶಾಲೆಗೆ ಹೋಗುತ್ತಿದ್ದೆ, ತೊಗಲಿನ ವಾಸನೆ ಯಾರ ಮೂಗಿಗೂ ಬಡಿಯಬಾರದೆಂದು. ನಮ್ಮ ಕೇರಿ ಊರಿನ ಅಂಚಿನಲ್ಲಿತ್ತು. ಇಲ್ಲಿ ಊರಿಗೆ ಊರೇ ಆ ಕಸುಬಿನ ಹೆಸರು ಹೊತ್ತು ಮೈದಾನಕ್ಕೆ ಇಳಿಯುತ್ತದೆ.

ಹಳೆಯ ತೊಗಲಿನ ಕಾರ್ಖಾನೆಯೊಂದರಲ್ಲೇ 1988ರಲ್ಲಿ ಲೆದರ್ ಮ್ಯೂಸಿಯಂ ಆರಂಭವಾಯಿತು. ಬಾಗಿಲು ದಾಟುತ್ತಲೇ ವಾಸನೆ ಎದುರಾಯಿತು. ಓಕ್ ಮರದ ತೊಗಟೆಯಲ್ಲಿ ಹದಗೊಂಡ ತೊಗಲು, ಮೇಣ, ಹಳೆ ಮರದ ಮೇಜು. ನಮ್ಮ ಮನೆಯ ವಾಸನೆ ಬೇರೆ: ಜಾಲಿ ತೊಗಟೆ, ಅಳಲೆಕಾಯಿ, ಸುಣ್ಣದ ತೊಟ್ಟಿ, ಬಿಸಿಲಿಗೆ ಹರವಿದ ಎಮ್ಮೆ ತೊಗಲು. ಮರ ಬೇರೆ, ಮಣ್ಣು ಬೇರೆ. ಆದರೆ ತೊಗಟೆಯ ಒಗರು ತೊಗಲಿಗೆ ಹಿಡಿದಾಗ ಬರುವ ಆ ಬುಡದ ವಾಸನೆ ಒಂದೇ. ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತೆ. ಚಿಕ್ಕಂದಿನಲ್ಲಿ ತೊಳೆದುಕೊಂಡ ವಾಸನೆಯನ್ನು ಈಗ ಎದೆ ತುಂಬ ಎಳೆದುಕೊಂಡೆ.

ಗೋಡೆಯ ಉದ್ದಕ್ಕೂ ಹತಾರಗಳು. ಅರ್ಧಚಂದ್ರದ ಕತ್ತಿ, ಆರಿ, ಹೊಲಿಗೆಗೆ ಗುರುತು ಹಾಕುವ ಹಲ್ಲಿನ ಉಳಿ, ಗೆರೆ ಎಳೆಯುವ ಕಬ್ಬಿಣ, ತೊಡೆಯ ನಡುವೆ ಇಟ್ಟುಕೊಂಡು ತೊಗಲು ಹಿಡಿಯುವ ಮರದ ಇಕ್ಕಳ. ಪ್ರತಿಯೊಂದಕ್ಕೂ ಹೆಸರು. ಹಲವು ಉಳಿಗಳ ಕತ್ತಿನ ಮೇಲೆ ಮಾಡಿದವರ ಮುದ್ರೆಯೂ ಇರುತ್ತದೆ: ವಾಲ್ಸಾಲ್‌ನವರೇ ಆದ ಜೋಸೆಫ್ ಡಿಕ್ಸನ್, ಶೆಫೀಲ್ಡಿನಲ್ಲಿ 1836ರಲ್ಲಿ ಶುರುವಾದ ಜಾರ್ಜ್ ಬಾರ್ನ್ಸ್‌ಲಿ. ಅವನ್ನು ನೋಡುತ್ತ ನನಗೆ ಮಾದಾರ ಚೆನ್ನಯ್ಯ ನೆನಪಾದ. ಆ ಶರಣ ತನ್ನ ವಚನಗಳ ಅಂಕಿತದಲ್ಲಿ ಉಳಿ, ಕತ್ತಿ, ಅಡಿಗೂಂಟಗಳ ಹೆಸರನ್ನೇ ಪೋಣಿಸಿದ. ಇಲ್ಲಿ ಹತಾರದ ಮೇಲೆ ಮನುಷ್ಯನ ಮುದ್ರೆ. ಅವನ ವಚನದಲ್ಲಿ ಹತಾರವೇ ಮನುಷ್ಯನ ಮುದ್ರೆ.

ಕೆಲಸ ತೋರಿಸುವ ಮೇಜಿನ ಹಿಂದೆ ಒಬ್ಬ ಹಿರಿಯರು ಕೂತಿದ್ದರು. ಎಪ್ಪತ್ತು ದಾಟಿದ ವಯಸ್ಸು, ಎದೆಗೆ ತೊಗಲಿನ ಏಪ್ರನ್. ಹದಿನೈದನೆಯ ವಯಸ್ಸಿನಿಂದ ಲಗಾಮು ಹೊಲಿದವರು. ಅವರ ತಾಯಿಯೂ ಕಾರ್ಖಾನೆಯಲ್ಲಿ ಕೈಚೀಲ ಹೊಲಿಯುತ್ತಿದ್ದಳಂತೆ. ನಾನು ತೊಗಲಿನ ಕೆಲಸ ಮಾಡುವವಳೆಂದು ಹೇಳಿ, ನನ್ನ ಸೊಂಟದ ಬೆಲ್ಟು ಬಿಚ್ಚಿ ಮೇಜಿನ ಮೇಲಿಟ್ಟೆ. ಅವರು ಬಣ್ಣ ನೋಡಲಿಲ್ಲ, ಹೊಲಿಗೆ ನೋಡಲಿಲ್ಲ. ಕಣ್ಣು ಅರ್ಧ ಮುಚ್ಚಿ ಅಂಚಿನ ಉದ್ದಕ್ಕೂ ಹೆಬ್ಬೆರಳು ಆಡಿಸಿದರು. ಒಂದು ಕಡೆ ಬೆರಳು ನಿಂತಿತು.

“ಇಲ್ಲಿ ನಿಮ್ಮ ಉಳಿ ಮೊಂಡಾಗಿತ್ತು, ಬ್ಯಾಬ್. ಇಲ್ಲಿ ನೀವು ನಡುವೆ ನಿಂತು, ಮತ್ತೆ ಶುರು ಮಾಡಿದ್ದೀರಿ.”

‘ಬ್ಯಾಬ್’ ಅಂದರೆ ಆ ಭಾಗದವರು ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು, ನಮ್ಮ ಕಡೆಯ ‘ತಂಗಿ’ಯಂತೆ. ಅವರು ಹೇಳಿದ ಎರಡೂ ಮಾತು ನಿಜವಾಗಿತ್ತು.

ಖಾಲಿ ಕುರ್ಚಿ ತೋರಿಸಿ ಕೂರಿಸಿಕೊಂಡರು. ಮುಂದಿನ ಎರಡು ತಾಸು ನಾನು ಕಲಿತದ್ದನ್ನು, ಇದೇ ಕಸುಬು ಮಾಡುವವರಿಗೆ ಉಪಯೋಗವಾದೀತೆಂದು, ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಉಳಿಯ ತುದಿ ಹಾವಿನ ನಾಲಿಗೆಯಂತೆ ಸೀಳಿರುತ್ತದೆ. ಆ ಎರಡು ಕವಲುಗಳ ನಡುವಿನ ಸಂದಿಯಲ್ಲಿ ಹರಿತ. ಕವಲು ತೊಗಲಿನ ಅಂಚನ್ನು ಹಿಡಿದು ಸಾಗುತ್ತದೆ, ಸಂದಿಯ ಹರಿತ ಏಣನ್ನು ಸುಲಿಯುತ್ತದೆ. ಕೆಲವು ಉಳಿಗಳ ಹರಿತ ನೇರ, ಅವು ಅಂಚಿಗೆ ಓರೆ ಇಳಿಜಾರು ಕೊಡುತ್ತವೆ. ಕೆಲವುಗಳದ್ದು ಬಟ್ಟಲಿನಂತೆ ಬಾಗಿರುತ್ತದೆ, ಅವು ಅಂಚನ್ನು ಗುಂಡಗೆ ಮಾಡುತ್ತವೆ. ಕುದುರೆಯ ಕೆನ್ನೆಗೆ ತಾಗುವ ಪಟ್ಟಿಗೆ ಗುಂಡನೆಯ ಅಂಚೇ ಬೇಕು, ಏಣು ಉಳಿದರೆ ಪ್ರಾಣಿಯ ಮೈ ಉಜ್ಜಿ ಗಾಯವಾಗುತ್ತದೆ. “ಕುದುರೆ ಬಾಯಿಬಿಟ್ಟು ದೂರುವುದಿಲ್ಲ. ಅದಕ್ಕೇ ನಮ್ಮ ಬೆರಳು ಮೊದಲು ಮುಟ್ಟಿ ನೋಡಬೇಕು” ಅಂದರು.

ಉಳಿಯ ನಂಬರು ಆರಿಸುವ ಮೊದಲು ತೊಗಲಿನ ದಪ್ಪ ನೋಡಬೇಕು. ದಪ್ಪವನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿ. ಮೇಲಿನ ಏಣಿಗೆ ಒಂದು ಪಾಲು, ಕೆಳಗಿನ ಏಣಿಗೆ ಒಂದು ಪಾಲು, ನಡುವಿನ ಪಾಲು ಮುಟ್ಟದೆ ಉಳಿಯಬೇಕು. ನಡುವೆ ಏನೂ ಉಳಿಯದಿದ್ದರೆ ಅಂಚು ಕತ್ತಿಯ ಬಾಯಿಯಾಗುತ್ತದೆ. ನನ್ನ ಏಳು ಬೆಲ್ಟುಗಳು ಕೆಟ್ಟದ್ದು ಇಲ್ಲಿಯೇ. ಇನ್ನೊಂದು ಮಾತು: ನಂಬರುಗಳಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಬ್ಬರ ಎರಡನೇ ನಂಬರು ಇನ್ನೊಬ್ಬರ ಮೂರನೆಯದಕ್ಕೆ ಸಮ ಇರಬಹುದು. ಆದ್ದರಿಂದ ನಂಬರು ನಂಬದೆ, ಅದೇ ತೊಗಲಿನ ತುಂಡಿನ ಮೇಲೆ ಒಂದು ಗೇಣು ಕೀಸಿ, ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು. ಐದು ಅಗ್ಗದ ಉಳಿಗಳಿಗಿಂತ, ನಾವು ದಿನಾ ಬಳಸುವ ದಪ್ಪಕ್ಕೆ ಒಪ್ಪುವ ಒಂದು ಒಳ್ಳೆಯ ಉಕ್ಕಿನ ಉಳಿ ಲೇಸು.

ಬಳಸುವ ಬಗೆ ಹೀಗೆ. ತೊಗಲನ್ನು ಮೇಜಿನ ಅಂಚಿಗೆ ಸರಿಯಾಗಿ ಇಟ್ಟು, ಎಡಗೈಯಿಂದ ಉಳಿಯ ಹಿಂದೆ ಒತ್ತಿ ಹಿಡಿಯಬೇಕು. ಬೆರಳು ಎಂದೂ ಉಳಿಯ ಮುಂದೆ ಬರಕೂಡದು. ಹಿಡಿಯನ್ನು ತಗ್ಗಿಸಿ, ಮೈಯಿಂದ ಆಚೆಗೆ, ಒಂದೇ ಓಟದಲ್ಲಿ ತಳ್ಳಬೇಕು. ಹಿಡಿ ಎತ್ತಿದರೆ ಉಳಿ ತೊಗಲಿನೊಳಗೆ ಕಚ್ಚುತ್ತದೆ. ತೀರಾ ತಗ್ಗಿಸಿದರೆ ಜಾರುತ್ತದೆ. ಬಾಗು ಬಂದಲ್ಲಿ ಉಳಿಯನ್ನು ತಿರುಗಿಸದೆ ತೊಗಲನ್ನು ತಿರುಗಿಸಬೇಕು. ತೊಗಲು ಮೆತ್ತಗಿದ್ದು ಉಳಿಯ ಮುಂದೆ ಮುದ್ದೆಯಾದರೆ ಒದ್ದೆ ಬಟ್ಟೆಯಿಂದ ಅಂಚನ್ನು ತುಸು ಒರೆಸಬೇಕು. ತೊಗಟೆಯಲ್ಲಿ ಹದ ಮಾಡಿದ ಬಿಗಿ ತೊಗಲೇ ಈ ಕೆಲಸಕ್ಕೆ ಒಗ್ಗುವುದು. ಕ್ರೋಮ್ ಹದದ ಮೆತ್ತನೆಯ ತೊಗಲಿಗೆ ಅಂಚು ಮಡಚಿ ಹೊಲಿಯುವುದೇ ಸರಿ.

ಹೇಳುತ್ತಲೇ ಅವರು ಒಂದು ಪಟ್ಟಿ ಕೀಸಿದರು. ನನ್ನ ಮೂಗು ಮೇಜಿನಿಂದ ಒಂದು ಗೇಣು ದೂರದಲ್ಲಿತ್ತು. ಉಳಿ ಹೊರಟಿತು, ಸದ್ದಿಲ್ಲ. ಅದರ ಬೆನ್ನ ಮೇಲಿಂದ ತೊಗಲಿನ ಎಳೆಯೊಂದು ಎದ್ದು, ಕಡಿಯದೆ, ಸುರುಳಿಯಾಗಿ ಮೇಜಿನ ಕೆಳಗೆ ಇಳಿಯಿತು. ಬೇಸಿಗೆಯಲ್ಲಿ ಆಯಿ ಹೊಸೆಯುತ್ತಿದ್ದ ಶ್ಯಾವಿಗೆಯಷ್ಟೇ ಸಣ್ಣದು, ಅಷ್ಟೇ ಸಮ. ಎಳೆಯನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟು ಹೇಳಿದರು: “ಇದು ಕಡಿಯದೆ ಬಂದರೆ ನಿಮ್ಮ ಉಳಿ ಹರಿತ ಇದೆ, ಕೈ ನೆಟ್ಟಗಿದೆ ಎಂದು ಅರ್ಥ.”

ಹರಿತ ಉಳಿಸಿಕೊಳ್ಳುವುದೇ ಅರ್ಧ ಕಸುಬು. ಇಂಥ ಉಳಿಯನ್ನು ಸಾಣೆಕಲ್ಲಿಗೆ ಒತ್ತಿದರೆ ಕವಲಿನ ಆಕಾರವೇ ಹೋಗುತ್ತದೆ. ಅವರು ಗೋಡೆಯ ಮೊಳೆಗೆ ಒಂದು ದಪ್ಪ ದಾರ ಕಟ್ಟಿ, ಅದಕ್ಕೆ ಮೆರುಗಿನ ಪುಡಿ ಬೆರೆಸಿದ ಮೇಣ ಸವರಿದ್ದರು. ಉಳಿಯ ಸಂದಿಯನ್ನು ದಾರದ ಮೇಲಿಟ್ಟು ಹತ್ತು ಸಲ ಹಿಂದಕ್ಕೆ ಎಳೆದರು. ಅಡಿಭಾಗವನ್ನು ತೊಗಲಿನ ಪಟ್ಟಿಯ ಮೇಲೆ ಸವರಿದರು. ಅಷ್ಟೇ. ಆಮೇಲೆ ಅಂಚಿಗೆ ನೀರು ಸವರಿ, ಮರದ ತುಂಡಿನಿಂದ ಬಿಸಿಯೇರುವವರೆಗೆ ಉಜ್ಜಿ, ಜೇನುಮೇಣ ಹಚ್ಚಿ ಮತ್ತೆ ಉಜ್ಜಿದರು. ಎರಡು ಪದರ ಕೂಡಿದ ಪಟ್ಟಿ ಒಂದೇ ಮರದ ತುಂಡಿನಂತೆ ಹೊಳೆಯಿತು. ನಾನು ಮಾಡಿದ ಆರನೆಯ ಪಟ್ಟಿಗೆ ಅವರು “ಬಾಸ್ಟಿನ್” ಅಂದರು. ಆ ನಾಡಿನಲ್ಲಿ ‘ಭೇಷ್’ ಅನ್ನುವುದಕ್ಕೆ ಹೇಳುವ ಮಾತು ಅದು.

ಮಧ್ಯಾಹ್ನ ಅವರೇ ತೋರಿಸಿದ ಸಣ್ಣ ಖಾನಾವಳಿಗೆ ಹೋದೆ. ‘ಗ್ರೇ ಪೀಸ್’ ಎಂಬ ಕಂದು ಬಟಾಣಿಯನ್ನು ಹಂದಿಮಾಂಸದ ಜೊತೆ ಗಟ್ಟಿಯಾಗಿ ಬೇಯಿಸಿ ಬಟ್ಟಲಲ್ಲಿ ಕೊಟ್ಟರು. ಕಾರ್ಖಾನೆ, ಗಣಿಗಳಲ್ಲಿ ದುಡಿದವರ ಊಟ ಅದು. ಖಾರವಿಲ್ಲ, ಒಗ್ಗರಣೆಯಿಲ್ಲ. ಆದರೂ ನಾಲಿಗೆಗೆ ಮಡಕಿಕಾಳಿನ ನೆನಪು ಬಂತು. ಬೆಳಗಿಂದ ಬಗ್ಗಿ ಕೂತು ಕೆಲಸ ಮಾಡುವ ಮೈಗೆ ಎಲ್ಲ ಊರಿನಲ್ಲೂ ಕಾಳೇ ಆಧಾರ. ಸಂಜೆ, ಕ್ಯಾಲ್ಡ್‌ಮೋರ್ ಎಂದು ಬರೆದು ಕಾರ್ಮರ್ ಎಂದು ಕರೆಯುವ ಬಡಾವಣೆಯಲ್ಲಿ, ಪಂಜಾಬಿಯೊಬ್ಬರ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕಿತು. ಆ ರಾತ್ರಿ ತಮ್ಮನ ಮನೆಯಲ್ಲಿ ರೊಟ್ಟಿ ಬಡಿದೆ.

ಆದರೆ ಆ ರೊಟ್ಟಿ ನನಗೆ ರುಚಿಸಲಿಲ್ಲ. ಕಾರಣ, ಮಧ್ಯಾಹ್ನದ ಊಟ ಮುಗಿಸಿ ಮ್ಯೂಸಿಯಂಗೆ ಮರಳಿದಾಗ ನಡೆದ ಮಾತು.

ತಮ್ಮನಿಗೆಂದು ಮುತ್ಯಾ ಮಾಡಿದ್ದ ಒಂದು ಜೊತೆ ಚಪ್ಪಲಿ ಮನೆಯ ಟ್ರಂಕಿನಲ್ಲಿ ಉಳಿದಿತ್ತು. ಈ ಸಲ ಅವನಿಗೆ ತಂದುಕೊಟ್ಟಿದ್ದೆ. ಹಿರಿಯರಿಗೆ ತೋರಿಸಲೆಂದು ಅಂದು ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಅವರು ಚಪ್ಪಲಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಮೊಳೆ ಇಲ್ಲವೆಂದು, ತೊಗಲಿನ ಎಳೆಯಿಂದಲೇ ಹೊಲಿದದ್ದೆಂದು ನಾನು ವಿವರಿಸುತ್ತಿದ್ದೆ. ಅವರ ಹೆಬ್ಬೆರಳು ಆಗಲೇ ಅಟ್ಟೆಯ ಅಂಚಿನ ಮೇಲೆ ಹೊರಟಿತ್ತು. ಹಿಮ್ಮಡಿ ಸುತ್ತಿ, ಹೊಟ್ಟೆಯ ಬಾಗು ದಾಟಿ, ಹೆಬ್ಬೆರಳಿನ ಉಂಗುರದವರೆಗೆ. ಎಲ್ಲೂ ನಿಲ್ಲಲಿಲ್ಲ.

“ಇದರ ಏಣನ್ನು ಯಾವುದರಿಂದ ಕೀಸುತ್ತಾರೆ?”

“ರಾಪಿಯಿಂದ” ಅಂದೆ. ಪುಸ್ತಕದಲ್ಲಿ ರಂಪಿಗೆ, ನಮ್ಮ ಕಡೆ ರಾಪಿ. ಅಗಲ ಬಾಯಿಯ ಕತ್ತಿ. ಕೊಯ್ಯುವುದು, ತೆಳ್ಳಗೆ ಮಾಡುವುದು, ಅಂಚು ಕೀಸುವುದು ಎಲ್ಲ ಅದೊಂದರಿಂದಲೇ ಎಂದು ವಿವರಿಸಿದೆ.

“ಎಳೆದು ಕೀಸುತ್ತಾರೋ, ತಳ್ಳಿ ಕೀಸುತ್ತಾರೋ?”

ನಾನು ಸುಮ್ಮನಾದೆ. ಹದಿನೆಂಟು ವರ್ಷ ಆ ಮನೆಯಲ್ಲಿ ಬೆಳೆದಿದ್ದೆ. ಮುತ್ಯಾನ ಬೆನ್ನು ನೆನಪಿದೆ, ಹೆಗಲ ಮೇಲಿನ ಟವೆಲು ನೆನಪಿದೆ, ಪಕ್ಕದ ನೀರಿನ ಡಬ್ಬಿ ನೆನಪಿದೆ. ಅವನ ಕೈ ಏನು ಮಾಡುತ್ತಿತ್ತು ಎಂಬುದು ನೆನಪಿಲ್ಲ. ಹೆಣಿಕೆ ಹೆಣ್ಣುಮಕ್ಕಳ ಕೆಲಸ, ರಾಪಿ ಗಂಡಸರದು. ನಮ್ಮ ಮನೆಯಲ್ಲಿ ಹುಡುಗಿಯರ ಕೈಗೆ ರಾಪಿ ಕೊಡುತ್ತಿರಲಿಲ್ಲ. ಅದು ಒಂದು ಕಾರಣ. ಆದರೆ ನೋಡಬೇಡ ಎಂದು ಯಾರೂ ಹೇಳಿರಲಿಲ್ಲ. ನೋಡದೇ ಇದ್ದದ್ದು ನಾನೇ. ಆ ಕೇರಿಯಿಂದ ಯಾವಾಗ ಹೊರಬಿದ್ದೇನು ಎಂದು ನನ್ನ ಕಣ್ಣು ಬೀದಿಯ ಕಡೆಗಿತ್ತು.

ಹಿರಿಯರು ಚಪ್ಪಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. “ನನ್ನ ಹೆಣ್ಣುಮಕ್ಕಳಿಗೂ ನನ್ನ ಕೆಲಸದ ಬಗ್ಗೆ ಕೇಳಿದರೆ ಗೊತ್ತಿಲ್ಲ” ಅಂದರು. ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತು. ಆದರೆ ಅವರ ಊರಿನಲ್ಲಿ, ಅವರ ಮಕ್ಕಳು ಮರೆತದ್ದನ್ನು ನೆನಪಿಡಲು ಒಂದು ಮನೆಯಿದೆ, ಗೋಡೆಯಿದೆ, ಪ್ರತಿ ಉಳಿಯ ಕೆಳಗೆ ಹೆಸರಿನ ಚೀಟಿಯಿದೆ. ಮುತ್ಯಾನ ಕೈ ಎಲ್ಲಿ ಬರೆದಿಟ್ಟಿದೆ? ಅವನು ಮಾಡಿದ ಚಪ್ಪಲಿ ಕೂಡ ಕೊಲ್ಹಾಪುರದ ಹೆಸರಲ್ಲೇ ಮಾರಾಟವಾಯಿತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದವು. ನ್ಯಾಯದ ಮಾತು ಅದು. ಅದನ್ನು ಕೇಳಲು ಮುತ್ಯಾ ಇರಲಿಲ್ಲ.

ಊರಿಗೆ ಬಂದವಳು ನಾಲ್ಕನೆಯ ದಿನಕ್ಕೆ ಅಥಣಿಯ ಬಸ್ಸು ಹತ್ತಿದೆ. ಇಬ್ಬದಿಗೂ ಕಬ್ಬು, ಕಟಾವಿಗೆ ಬಂದ ಗದ್ದೆಗಳು, ಎತ್ತಿನಗಾಡಿ, ಟ್ರ್ಯಾಕ್ಟರು. ಮುತ್ಯಾನ ಜೊತೆ ಕೂತು ಕೆಲಸ ಕಲಿತ ಕಾಕಾ ಒಬ್ಬರು ಈಗಲೂ ಕಟ್ಟೆಯ ಮೇಲೆ ಕೂರುತ್ತಾರೆ.

“ಯಾವಾಗ ಬಂದೀ ಮಗಳ?”

“ಈಗ ಬಂದೆ ಕಾಕಾ. ಒಂದ ಮಾತ ಕೇಳೂದಿತ್ತು. ಅಟ್ಟೆ ಅಂಚ ಕೀಸೂಮುಂದ ರಾಪಿ ಎಳೀತಾರೋ, ದಬ್ಬತಾರೋ?”

ಕಾಕಾ ನನ್ನ ಮುಖವನ್ನೇ ನೋಡಿದರು. “ಇದನ್ನ ಕೇಳಾಕ ಧಾರವಾಡದಿಂದ ಬಂದೀಯೇನ?” ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. “ಕುಂದರು. ನೋಡ ಇಲ್ಲಿ.”

ನೀರಲ್ಲಿ ನೆನೆದ ಅಟ್ಟೆಯನ್ನು ಎಡಗೈಯಲ್ಲಿ ಹಿಡಿದರು. ಬಲಗೈಯ ರಾಪಿಯನ್ನು ಮೊಣಕಾಲಿಗೆ ಒತ್ತಿ ಓರೆಯಾಗಿ ನಿಲ್ಲಿಸಿದರು. ಬಲಗೈ ಹೆಬ್ಬೆರಳು ಅಟ್ಟೆಯ ಕೆಳಗೆ ಬೇಲಿಯಂತೆ ನಿಂತಿತು. ಆಮೇಲೆ ಎಡಗೈ ತಿರುಗತೊಡಗಿತು. ರಾಪಿ ಅಲುಗಲಿಲ್ಲ. ತೊಗಲು ಅದರ ಬಾಯಿಗೆ ತಾನೇ ಬಂದು, ಏಣು ಕಳಚಿಕೊಂಡು ಮುಂದೆ ಹೋಗುತ್ತಿತ್ತು. ಒದ್ದೆ ಎಳೆಯೊಂದು ಕಾಕಾನ ಪಾದದ ಮೇಲೆ ಸುರುಳಿಯಾಗಿ ಬಿತ್ತು. ಶ್ಯಾವಿಗೆಯಷ್ಟೇ ಸಣ್ಣದು.

“ಎಳಿಯೂದೂ ಇಲ್ಲ, ದಬ್ಬೂದೂ ಇಲ್ಲವಾ. ರಾಪಿ ನಿಂದರತೈತಿ, ತೊಗಲ ತಿರಗತೈತಿ. ನಿಮ್ಮ ಮುತ್ಯಾ ಹಿಂಗ ಕಲಿಸ್ಯಾನ.”

ವಾಲ್ಸಾಲ್‌ನ ಹಿರಿಯರು ಬಾಗು ಬಂದಲ್ಲಿ ತೊಗಲನ್ನೇ ತಿರುಗಿಸಬೇಕೆಂದು ಹೇಳಿದ್ದರು. ಇಲ್ಲಿ ಇಡೀ ಚಪ್ಪಲಿಯೇ ಒಂದು ಬಾಗು. ಅಂಚು ಮುಗಿದ ಮೇಲೆ ಕಾಕಾ ರಾಪಿಯ ಬೆನ್ನಿನಿಂದ ಅದನ್ನು ಉಜ್ಜಿ, ನನ್ನ ಕೈಗೆ ರಾಪಿ ಕೊಟ್ಟರು. ನನ್ನ ಐವತ್ತು ವರ್ಷಗಳಲ್ಲಿ ಆ ಕಟ್ಟೆಯ ಮೇಲೆ ನಾನು ರಾಪಿ ಹಿಡಿದದ್ದು ಅದೇ ಮೊದಲು. ಸಂಜೆಯವರೆಗೆ ಮೂರು ಅಟ್ಟೆ ಕೆಡಿಸಿದೆ. ನಾಲ್ಕನೆಯದನ್ನು ಕಾಕಾ ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಏನೂ ಹೇಳದೆ, ಮಾಡಿಟ್ಟ ಅಟ್ಟೆಗಳ ಸಾಲಿಗೆ ಸೇರಿಸಿದರು.

ವಾಲ್ಸಾಲ್‌ಗೆ ಒಂದು ಕಾಗದ ಬರೆದೆ, ಉತ್ತರ ಸಿಕ್ಕಿತು ಎಂದು. ಜೊತೆಗೆ ಕಾಕಾನ ಕೈಯ ಆರು ಫೋಟೊ ಕಳಿಸಿದೆ. ಈಗ ತಿಂಗಳಿಗೆ ಎರಡು ಸಲ ಅಥಣಿಗೆ ಹೋಗುತ್ತೇನೆ. ರಾಪಿ ಹಿಡಿಯುವ ಬಗೆ, ಮಸೆಯುವ ಬಗೆ, ತೊಗಲು ನೆನೆಸುವ ಹೊತ್ತು ಎಲ್ಲವನ್ನೂ ಕಾಕಾ ಹೇಳಿದ ಹಾಗೆ, ಅವರ ಮಾತಿನಲ್ಲೇ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ನನ್ನ ಮೇಜಿನ ಮೇಲೆ ಬೆಲ್ಟಿಗೆ ಉಳಿ ಇದೆ, ಚಪ್ಪಲಿಗೆ ರಾಪಿ ಇದೆ.

ನೀವು ಅಥಣಿಯಲ್ಲೋ ನಿಪ್ಪಾಣಿಯಲ್ಲೋ ಒಂದು ಜೊತೆ ಚಪ್ಪಲಿ ಕೊಳ್ಳುವಾಗ, ಮೇಲಿನ ಹೆಣಿಕೆ, ಗೊಂಡೆ ನೋಡುವ ಮೊದಲು ಅಟ್ಟೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ. ಬೆರಳು ಎಲ್ಲೂ ನಿಲ್ಲದೆ ಸುತ್ತಿ ಬಂದರೆ, ಮಾಡಿದವರ ಹೆಸರು ಕೇಳಿ.